ಹಳ್ಳಿಗೆ ಬಂದ ಡಾಕ್ಟರು, ಬ್ಯಾಂಕಿನಲ್ಲಿ ಉಳಿದ ಸಾಲ

ಹುಲಗೂರು ಎಂದೊಡನೆ ಈ ಭಾಗದ ಜನಕ್ಕೆ ಮೊದಲು ನೆನಪಾಗುವುದು ಅಲ್ಲಿಯ ದರ್ಗಾ. ಮಕ್ಕಳಿಲ್ಲದ ಕೊರಗಿನಲ್ಲಿದ್ದ ಶಿಶುನಾಳದ ಇಮಾಮ ಸಾಹೇಬ ದಂಪತಿ ಹುಲಗೂರಿನ ಹಜರೇಶಾ ಖಾದರಿಯವರಿಗೆ ಹರಕೆ ಹೊತ್ತರು, ಆ ಹರಕೆಯ ಫಲವಾಗಿ 1819ರಲ್ಲಿ ಶರೀಫರು ಹುಟ್ಟಿದರು ಎಂಬುದು ಪ್ರತೀತಿ. ಇನ್ನೂರು ವರ್ಷ ಕಳೆದ ಮೇಲೂ ಹರಕೆ ಹೊತ್ತು ಬರುವವರು ನಿಂತಿಲ್ಲ. ಮಗುವಿಗೆ ಜ್ವರ ಇಳಿಯಲಿ, ಮಗಳ ಹೆರಿಗೆ ಸುಸೂತ್ರವಾಗಲಿ ಎಂಬವೇ ಅವರ ಬೇಡಿಕೆಗಳು. ಹರಕೆ ಹೊತ್ತವರೂ ರಾತ್ರಿ ಹೊಟ್ಟೆನೋವು ಕಾಣಿಸಿಕೊಂಡರೆ ಡಾಕ್ಟರನ್ನು ಹುಡುಕಲೇಬೇಕು. ಶಿಗ್ಗಾವಿಗೆ ಬರಬೇಕು, ಅಲ್ಲಿ ಆಗದಿದ್ದರೆ ಹೆದ್ದಾರಿ ಹಿಡಿದು ಹುಬ್ಬಳ್ಳಿಗೆ ಓಡಬೇಕು. 1957ರಲ್ಲಿ ಹುಬ್ಬಳ್ಳಿಯಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಶುರುವಾದಂದಿನಿಂದ ಶಿಗ್ಗಾವಿ, ಸವಣೂರು, ಹಾನಗಲ್ಲ, ಹಿರೇಕೆರೂರು ಸೀಮೆಯ ಕಠಿಣ ರೋಗಗಳೆಲ್ಲ ಅದೇ ದಾರಿ ಹಿಡಿದಿವೆ.

ಹುಬ್ಬಳ್ಳಿಯಲ್ಲಿ ಓದಿದ ಡಾಕ್ಟರು ಈ ದಾರಿಯಲ್ಲಿ ಎದುರು ದಿಕ್ಕಿಗೆ, ಹಳ್ಳಿಯ ಕಡೆಗೆ ಬರುವುದು ಯಾವಾಗ? ಬಂದರೆ ಎಷ್ಟು ದಿನ ಇರುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಯುವ ವೈದ್ಯರ ಮನಸ್ಸನ್ನು ಬೈಯುತ್ತಾರೆ. ಸೇವಾಮನೋಭಾವ ಇಲ್ಲ, ನಗರದ ಮೋಹ, ದುಡ್ಡಿನ ಆಸೆ ಎಂದು ದೂರುತ್ತಾರೆ. ಇದರಲ್ಲಿ ಸ್ವಲ್ಪ ನಿಜವೂ ಇರಬಹುದು. ಆದರೆ ಬೈಯುವ ಮೊದಲು ಆ ಯುವ ವೈದ್ಯೆಯ ತಂದೆ ಸಹಿ ಹಾಕಿದ ಬ್ಯಾಂಕಿನ ಕಾಗದವನ್ನು ಒಮ್ಮೆ ಓದಬೇಕು.

ಲೆಕ್ಕ ಹೀಗಿದೆ

ಹುಲಗೂರಿನಂಥ ಊರಿನ ಒಂದು ಮನೆ ಎಂದಿಟ್ಟುಕೊಳ್ಳಿ. ನಾಲ್ಕೈದು ಎಕರೆ ಒಣಬೇಸಾಯ, ಗೋವಿನಜೋಳ ಮತ್ತು ಹತ್ತಿ. ಮಗಳು ಜಾಣೆ, ನೀಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿದೆ. ಸರಕಾರಿ ಕಾಲೇಜಿನ ಸೀಟು ಸ್ವಲ್ಪದರಲ್ಲಿ ತಪ್ಪಿದೆ, ಖಾಸಗಿ ಕಾಲೇಜಿನಲ್ಲಿ ಸರಕಾರಿ ಕೋಟಾದ ಸೀಟು ಸಿಕ್ಕಿದೆ. ಅದೇ ಕಾಲೇಜಿನ ಖಾಸಗಿ ಕೋಟಾದ ಸೀಟಿಗೆ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟುವುದುಂಟು. ಅದಕ್ಕೆ ಹೋಲಿಸಿದರೆ ಇದು ಅಗ್ಗ. ಆದರೂ ಶುಲ್ಕ, ಹಾಸ್ಟೆಲ್, ಪುಸ್ತಕ ಎಲ್ಲ ಸೇರಿಸಿ ವರ್ಷಕ್ಕೆ 2 ಲಕ್ಷ ಸಾಲ ಬೇಕು ಎನ್ನೋಣ. ಐದು ಕಂತಿನಲ್ಲಿ 10 ಲಕ್ಷ.

ಬಡ್ಡಿ ಶೇಕಡಾ 10 ಎಂದು ಹಿಡಿಯಿರಿ. ಓದುವ ಕಾಲದಲ್ಲಿ ಕಂತು ಕಟ್ಟಬೇಕಿಲ್ಲ, ಓದು ಮುಗಿದು ಒಂದು ವರ್ಷದವರೆಗೂ ಕಟ್ಟಬೇಕಿಲ್ಲ. ಈ ಬಿಡುವಿನ ಅವಧಿಗೆ ಬ್ಯಾಂಕಿನವರು ಮಾರಟೋರಿಯಂ ಎನ್ನುತ್ತಾರೆ. ಬಿಡುವು ಇರುವುದು ಕಂತಿಗೆ ಮಾತ್ರ. ಬಡ್ಡಿ ಎಂದೂ ರಜೆ ಹಾಕುವುದಿಲ್ಲ. ಇಂಟರ್ನ್‌ಶಿಪ್ ಸೇರಿ ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಅದರ ಮೇಲೆ ಒಂದು ವರ್ಷ. ಮೊದಲ ಕಂತಿನ 2 ಲಕ್ಷಕ್ಕೆ ಆರೂವರೆ ವರ್ಷದ ಬಡ್ಡಿ, ಕೊನೆಯದಕ್ಕೆ ಎರಡೂವರೆ ವರ್ಷದ್ದು. ಚಕ್ರಬಡ್ಡಿ ಬಿಡಿ, ಸರಳ ಬಡ್ಡಿಯಲ್ಲಿ ಕೂಡಿಸಿದರೂ ನಾಲ್ಕೂವರೆ ಲಕ್ಷ ಆಗುತ್ತದೆ. ಮಗಳು ಇನ್ನೂ ಒಂದು ರೂಪಾಯಿ ಕಟ್ಟುವ ಮೊದಲೇ 10 ಲಕ್ಷದ ಸಾಲ ಹದಿನಾಲ್ಕೂವರೆ ಲಕ್ಷವಾಗಿ ಕೂತಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 19 ಸಾವಿರ, ಹದಿನೈದು ವರ್ಷದಲ್ಲಾದರೆ ಹದಿನೈದೂವರೆ ಸಾವಿರ ರೂಪಾಯಿ.

ಇಲ್ಲಿ ಪಾಲಕರು ಗಮನಿಸದೆ ಹೋಗುವ ಒಂದು ಸಂಗತಿ ಇದೆ. ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದವರು ಒಂದು ವರ್ಷ ಸರಕಾರಿ ಸೇವೆ ಮಾಡಬೇಕೆಂದು 2012ರ ಕಾನೂನು ಹೇಳಿತು. ರಾಷ್ಟ್ರಪತಿಗಳ ಅಂಕಿತ ಪಡೆದು ಅದು ಜಾರಿಗೆ ಬಂದದ್ದು 2015ರಲ್ಲಿ. ಬ್ಯಾಂಕಿನ ಬಿಡುವಿನ ವರ್ಷವೂ ಸರಕಾರದ ಸೇವೆಯ ವರ್ಷವೂ ಒಂದೇ. ಸೇವೆ ಮುಗಿಸಿ ಹುಡುಗಿ ಸ್ನಾತಕೋತ್ತರ ಪರೀಕ್ಷೆಗೆ ಪುಸ್ತಕ ತೆರೆಯುವ ತಿಂಗಳೇ ಬ್ಯಾಂಕಿನ ಮೊದಲ ಕಂತು ಬಾಗಿಲಿಗೆ ಬರುತ್ತದೆ. ಆಗ ಅವಳು ಹಳ್ಳಿಯ ಆಸ್ಪತ್ರೆಯಲ್ಲೇ ಉಳಿಯುತ್ತಾಳೋ, ಹೆಚ್ಚು ಸಂಬಳದ ನಗರದ ನರ್ಸಿಂಗ್ ಹೋಮಿನ ರಾತ್ರಿ ಪಾಳಿ ಹಿಡಿಯುತ್ತಾಳೋ ಎಂಬುದನ್ನು ತೀರ್ಮಾನಿಸುವುದು ಆದರ್ಶ ಒಂದೇ ಅಲ್ಲ.

ಅರವತ್ತು ಸಾವಿರದ ಪ್ರಶ್ನೆ

ವೈದ್ಯಕೀಯ ಓದು ದುಬಾರಿಯಾದ ಕಥೆಯಲ್ಲಿ ಕರ್ನಾಟಕಕ್ಕೆ ವಿಶೇಷ ಪಾತ್ರವಿದೆ. 1991ರಲ್ಲಿ ಉತ್ತರ ಪ್ರದೇಶದ ಮೀರತ್ತಿನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜೊಂದಕ್ಕೆ ಅರ್ಜಿ ಹಾಕಿದರು. ಆಗ ಜಾರಿಯಲ್ಲಿದ್ದ 1989ರ ಸರಕಾರಿ ಅಧಿಸೂಚನೆಯ ಪ್ರಕಾರ ಸರಕಾರಿ ಸೀಟಿಗೆ ವರ್ಷಕ್ಕೆ 2 ಸಾವಿರ, ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25 ಸಾವಿರ, ಹೊರರಾಜ್ಯದವರಿಗೆ 60 ಸಾವಿರ ರೂಪಾಯಿ. ಅಷ್ಟು ಕೊಡಲಾಗದ ಅವರು ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈಯಲ್ಲಿ ಬಂದ ತೀರ್ಪು ಕ್ಯಾಪಿಟೇಷನ್ ಶುಲ್ಕವನ್ನು ಸಂವಿಧಾನ ವಿರೋಧಿ ಎಂದಿತು. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ನ್ಯಾಯಾಲಯ ಉಚಿತ ಸೀಟು, ಪಾವತಿ ಸೀಟು ಎಂಬ ಏರ್ಪಾಡು ಮಾಡಿತು. ನಮ್ಮಲ್ಲಿ ಸಿ.ಇ.ಟಿ. ಬಂತು. ಹಳ್ಳಿಯ ಬಡ ಮಕ್ಕಳು ಡಾಕ್ಟರಾಗುವ ಒಂದು ಬಾಗಿಲು ಆಗ ತೆರೆದದ್ದನ್ನು ನೆನೆಯುವ ಪಾಲಕರು ಈಗಲೂ ಇದ್ದಾರೆ. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಹಳೆಯ ಏರ್ಪಾಡನ್ನು ಸರಿಸಿ ಖಾಸಗಿ ಕಾಲೇಜುಗಳಿಗೆ ಶುಲ್ಕದ ವಿಷಯದಲ್ಲಿ ಹೆಚ್ಚು ಸ್ವಾತಂತ್ರ್ಯ ಕೊಟ್ಟಿತು.

ಅದೇ ಹೊತ್ತಿಗೆ, 2001ರಲ್ಲಿ, ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯೂ ಬಂದದ್ದು ಕಾಕತಾಳೀಯವಿರಬಹುದು. ಒಂದು ಕೈಯಲ್ಲಿ ಶುಲ್ಕ ಏರಿತು, ಇನ್ನೊಂದು ಕೈಯಲ್ಲಿ ಸಾಲದ ಅರ್ಜಿ ಬಂತು. ಹೊಲ ಮಾರಿ ಓದಿಸುತ್ತಿದ್ದ ಅಪ್ಪಂದಿರು ಹೊಲ ಉಳಿಸಿಕೊಂಡು ಸಾಲಗಾರರಾದರು. ಇದನ್ನು ಪ್ರಗತಿ ಎನ್ನಬೇಕೆ ಎಂಬುದು ಅವರವರ ಅನುಭವಕ್ಕೆ ಬಿಟ್ಟದ್ದು.

ಜಪಾನಿನ ಒಂದು ಕಾಲೇಜು

ಸಾಲ ಮತ್ತು ಹಳ್ಳಿ, ಈ ಎರಡು ತುದಿಗಳನ್ನು ಗಂಟು ಹಾಕುವ ಉಪಾಯ ಹೊಸದೇನಲ್ಲ. ಜಪಾನಿನ ತೊಚಿಗಿ ಪ್ರಾಂತದಲ್ಲಿ 1972ರಲ್ಲಿ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ ಶುರುವಾಯಿತು. ದೇಶದ 47 ಪ್ರಾಂತಗಳೂ ಸೇರಿ ಕಟ್ಟಿದ ಸಂಸ್ಥೆ ಇದು. ಪ್ರತಿ ಪ್ರಾಂತದಿಂದ ವರ್ಷಕ್ಕೆ ಎರಡು ಮೂರು ವಿದ್ಯಾರ್ಥಿಗಳು. ಆರು ವರ್ಷದ ಶುಲ್ಕವೆಲ್ಲ ಸಾಲದ ರೂಪದಲ್ಲಿ ಸಿಗುತ್ತದೆ. ಓದಿದ ಅವಧಿಯ ಒಂದೂವರೆ ಪಟ್ಟು, ಅಂದರೆ ಒಂಬತ್ತು ವರ್ಷ, ತಮ್ಮ ಪ್ರಾಂತ ಹೇಳಿದ ಊರುಗಳಲ್ಲಿ ದುಡಿದರೆ ಸಾಲ ಪೂರ್ತಿ ಮನ್ನಾ. ನಡುವೆ ಬಿಟ್ಟುಹೋದರೆ ಬಡ್ಡಿ ಸಮೇತ ಒಂದೇ ಗಂಟಿನಲ್ಲಿ ಕಟ್ಟಬೇಕು. ಬಿಟ್ಟುಹೋದವರು ಬಹಳ ಕಡಿಮೆ. ಅವಧಿ ಮುಗಿದ ಮೇಲೂ ಈ ಕಾಲೇಜಿನವರು ಬೇರೆ ಕಾಲೇಜಿನವರಿಗಿಂತ ಹೆಚ್ಚು ಪ್ರಮಾಣದಲ್ಲಿ ಹಳ್ಳಿಗಳಲ್ಲಿ ಉಳಿದದ್ದನ್ನು ಅಲ್ಲಿಯ ಸಂಶೋಧಕರು ತೋರಿಸಿದ್ದಾರೆ.

ಇದರಲ್ಲಿ ಎರಡು ಜಾಣತನಗಳಿವೆ. ಒಂದು, ಹಣದ ಮಾತನ್ನು ಸೀಟು ಕೊಡುವ ದಿನವೇ ಆಡಿದ್ದು. ಎರಡನೆಯದು ಇನ್ನೂ ಮುಖ್ಯ. ಹುಡುಗ ಯಾವ ಪ್ರಾಂತದವನೋ ಅದೇ ಪ್ರಾಂತಕ್ಕೆ ಮರಳಿದ. ಪರಊರಿನ ಶಿಕ್ಷೆಯಂತೆ ಒಂಬತ್ತು ವರ್ಷ ಕಳೆಯುವುದು ಬೇರೆ, ತನ್ನ ಸೀಮೆಯ ಭಾಷೆ, ಊಟ, ನಂಟರ ನಡುವೆ ದುಡಿಯುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹಳ್ಳಿಗಳಲ್ಲಿ ವೈದ್ಯರನ್ನು ಉಳಿಸಿಕೊಳ್ಳುವ ಬಗ್ಗೆ ಮಾಡಿದ ಶಿಫಾರಸುಗಳಲ್ಲೂ ಗ್ರಾಮೀಣ ಹಿನ್ನೆಲೆಯ ಮಕ್ಕಳಿಗೆ ಸೀಟು ಕೊಡಿ ಎಂಬ ಮಾತು ಮುಂಚೂಣಿಯಲ್ಲಿತ್ತು.

ಅಮೆರಿಕದ ದಾರಿ ಬೇರೆ. 1970ರ ಡಿಸೆಂಬರ್ 31ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾನೂನಿನಿಂದ ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವಾ ದಳ ಹುಟ್ಟಿತು. ಮೊದಲು ವಿದ್ಯಾರ್ಥಿವೇತನ ಕೊಟ್ಟರು. 1987ರಲ್ಲಿ ಸಾಲ ತೀರಿಸುವ ಯೋಜನೆ ತಂದರು. ವೈದ್ಯರ ಕೊರತೆ ಇರುವ ಪ್ರದೇಶಗಳನ್ನು ಸರಕಾರವೇ ಗುರುತಿಸಿ ಅಂಕ ಕೊಡುತ್ತದೆ. ಅಲ್ಲಿ ಎರಡು ವರ್ಷ ಪೂರ್ಣಾವಧಿ ದುಡಿದ ವೈದ್ಯರ ಸಾಲಕ್ಕೆ ಬಹುಕಾಲ 50 ಸಾವಿರ ಡಾಲರ್ ವರೆಗೆ ಕೊಡುತ್ತಿದ್ದರು. 2024ರಲ್ಲಿ ಪ್ರಾಥಮಿಕ ಚಿಕಿತ್ಸೆಯ ವೈದ್ಯರಿಗೆ ಅದನ್ನು 75 ಸಾವಿರಕ್ಕೆ ಏರಿಸಿದರು. ಕೆನಡಾ 2013ರಿಂದ, ಆಸ್ಟ್ರೇಲಿಯಾ 2022ರಿಂದ ಹಳ್ಳಿಗೆ ಹೋಗುವ ವೈದ್ಯರ ವಿದ್ಯಾರ್ಥಿ ಸಾಲ ಇಳಿಸುತ್ತ ಬಂದಿವೆ.

ಅಮೆರಿಕದ ಇನ್ನೊಂದು ಏರ್ಪಾಡು ನಮ್ಮವರಿಗೆ ಹತ್ತಿರದ್ದು. ತರಬೇತಿ ವೀಸಾದ ಮೇಲೆ ಹೋದ ವಿದೇಶಿ ವೈದ್ಯರು ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬ ನಿಯಮ ಅಲ್ಲಿದೆ. 1994ರಲ್ಲಿ ಸೆನೆಟರ್ ಕೆಂಟ್ ಕಾನ್ರಾಡ್ ತಂದ ಕಾನೂನಿನ ಪ್ರಕಾರ, ವೈದ್ಯರಿಲ್ಲದ ಪ್ರದೇಶದಲ್ಲಿ ಮೂರು ವರ್ಷ ದುಡಿದರೆ ಆ ನಿಯಮದಿಂದ ಬಿಡುಗಡೆ. ಭಾರತದ ಎಷ್ಟೋ ವೈದ್ಯರು ಈ ದಾರಿ ಹಿಡಿದರು. ನಮ್ಮ ಹಳ್ಳಿಗೆ ಹೋಗಲು ಒಪ್ಪದ ಡಾಕ್ಟರು ಪರದೇಶದ ಹಳ್ಳಿಗೆ ಸಂತೋಷದಿಂದ ಹೋಗುತ್ತಾರಲ್ಲ ಎಂದು ನಗುವವರು ನಗಬಹುದು. ಆದರೆ ಹಳ್ಳಿ ಎಂಬ ಕಾರಣಕ್ಕೇ ಡಾಕ್ಟರು ಓಡಿಹೋಗುವುದಿಲ್ಲ ಎನ್ನುವುದಕ್ಕೂ ಇದೇ ಸಾಕ್ಷಿ. ಅಲ್ಲಿ ಕೊಡು-ಕೊಳ್ಳುವ ಮಾತು ಸ್ಪಷ್ಟವಿತ್ತು.

ಹರಿಯಾಣದಲ್ಲಿ ಏನಾಯಿತು

ನಮ್ಮ ದೇಶದಲ್ಲಿ ಸಾಲ ಮನ್ನಾಕ್ಕೆ ತೀರ ಹತ್ತಿರ ಬಂದ ರಾಜ್ಯ ಹರಿಯಾಣ. 2020ರ ನವೆಂಬರಿನಲ್ಲಿ ಅಲ್ಲಿಯ ಸರಕಾರ ಸರಕಾರಿ ಮೆಡಿಕಲ್ ಕಾಲೇಜಿಗೆ ಸೇರುವವರು ವರ್ಷಕ್ಕೆ ಶುಲ್ಕ ಸೇರಿ 10 ಲಕ್ಷ, ಒಟ್ಟು ಸುಮಾರು 40 ಲಕ್ಷ ರೂಪಾಯಿಯ ಬಾಂಡ್ ಕೊಡಬೇಕೆಂದಿತು. ಬ್ಯಾಂಕಿನಿಂದ ಸಾಲ ತೆಗೆಯಿರಿ, ಭದ್ರತೆ ನಾವು ಕೊಡುತ್ತೇವೆ. ಓದಿದ ಮೇಲೆ ಏಳು ವರ್ಷ ಸರಕಾರಿ ಸೇವೆಯಲ್ಲಿದ್ದರೆ ಕಂತನ್ನೂ ನಾವೇ ಕಟ್ಟುತ್ತೇವೆ ಎಂದು ಹೇಳಿತು. ಕಾಗದದಲ್ಲಿ ನೋಡಿದರೆ ಇದು ಜಪಾನಿನದೇ ಉಪಾಯ.

ಆದರೆ ವಿದ್ಯಾರ್ಥಿಗಳು ಒಂದು ಸರಳ ಪ್ರಶ್ನೆ ಕೇಳಿದರು. ನಾವು ಬರಲು ಸಿದ್ಧ, ನೌಕರಿ ಇದೆಯೆ? ನೌಕರಿಯ ಖಾತರಿ ಇರಲಿಲ್ಲ. ಹುದ್ದೆ ಸಿಗದವನ ಪಾಲಿಗೆ ಅದು ಸಾಲ ಮನ್ನಾ ಆಗುವ ಬದಲು, ಸರಕಾರಿ ಕಾಲೇಜಿನಲ್ಲಿ ಓದಿದ್ದಕ್ಕೆ ಖಾಸಗಿ ಕಾಲೇಜಿನ ದರ ಆಗುತ್ತಿತ್ತು. 2022ರ ನವೆಂಬರಿನಲ್ಲಿ ರೋಹ್ಟಕ್‌ನಲ್ಲಿ ವಿದ್ಯಾರ್ಥಿಗಳು ಧರಣಿ ಕೂತರು; ಮುಷ್ಕರ ಬೇರೆ ಕಾಲೇಜುಗಳಿಗೂ ಹಬ್ಬಿತು. ಕೊನೆಗೆ ಸರಕಾರ ಬಾಂಡನ್ನು 30 ಲಕ್ಷಕ್ಕೆ, ಸೇವೆಯನ್ನು ಐದು ವರ್ಷಕ್ಕೆ ಇಳಿಸಿತು. ಮೊದಲು ಹುದ್ದೆ, ಆಮೇಲೆ ಬಾಂಡ್ ಎಂಬ ಸಾದಾ ಮಾತು ಯೋಜನೆ ಬರೆದವರಿಗೆ ಹೊಳೆಯದೆ ಹೋದದ್ದು ಆಶ್ಚರ್ಯವೇ.

ಕೋಲು ನಮ್ಮದು

ಕರ್ನಾಟಕ ಹಿಡಿದದ್ದು ಕೋಲಿನ ದಾರಿ. ಸೇವೆ ಮುಗಿಸದಿದ್ದರೆ ವೈದ್ಯಕೀಯ ಮಂಡಳಿಯ ಕಾಯಂ ನೋಂದಣಿ ಇಲ್ಲ, ಮೇಲೆ ದಂಡ. ಬೇರೆ ರಾಜ್ಯಗಳಲ್ಲೂ ಬಾಂಡುಗಳಿವೆ. ಇವು ವೈದ್ಯರನ್ನು ಜೀತಕ್ಕೆ ಇಡುತ್ತವೆ ಎಂಬ ವಾದವನ್ನು 2019ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸರಕಾರದ ಹಣದಲ್ಲಿ ಓದಿದವರಿಂದ ಸೇವೆ ಕೇಳುವುದು ತಪ್ಪಲ್ಲ ಎಂದು ಹೇಳಿ, ದೇಶಕ್ಕೆಲ್ಲ ಒಂದೇ ರೀತಿಯ ನೀತಿ ತರಲು ಸೂಚಿಸಿತು.

ತೀರ್ಪು ಸರಿಯೇ ಇರಬಹುದು. ಊರಿನವರ ಅನುಭವ ಬೇರೆ. ಒಂದು ವರ್ಷದ ಡಾಕ್ಟರಿಗೆ ಊರಿನ ರಕ್ತದೊತ್ತಡದ ರೋಗಿಗಳ ಮುಖ ಗುರುತಾಗುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಸಕ್ಕರೆ ಕಾಯಿಲೆಯ ಅಜ್ಜಿ ಹೊಸ ಡಾಕ್ಟರಿಗೆ ಹಳೆಯ ಕಥೆಯನ್ನು ಮೊದಲಿನಿಂದ ಹೇಳಬೇಕು. ಜೊತೆಗೆ ಇನ್ನೊಂದು ವಿಚಿತ್ರ ನಡೆಯಿತು. ಮೆಡಿಕಲ್ ಸೀಟುಗಳು ಹೆಚ್ಚಾದಂತೆ ಸೇವೆಗೆ ಬರುವವರ ಸಂಖ್ಯೆ ಖಾಲಿ ಹುದ್ದೆಗಳನ್ನು ಮೀರಿತು. 2023ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, ಖಾಲಿ ಹುದ್ದೆಗೆ ತಕ್ಕಷ್ಟು ಜನರನ್ನು ಮಾತ್ರ ತೆಗೆದುಕೊಳ್ಳುವಂತೆ ಮಾಡಬೇಕಾಯಿತು. ಬಯಲುಸೀಮೆಯಲ್ಲಿ 30 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದಕ್ಕೆ ಒಬ್ಬ ವೈದ್ಯಾಧಿಕಾರಿ ಎಂಬ ಲೆಕ್ಕದಲ್ಲಿ ಹುದ್ದೆ ತುಂಬಿದರೆ ಕಾಗದದ ಮೇಲೆ ಕೊರತೆ ತೀರಿತು. ಹೆರಿಗೆ ತಜ್ಞೆ, ಮಕ್ಕಳ ತಜ್ಞರು, ಅರಿವಳಿಕೆ ತಜ್ಞರು ತಾಲೂಕಿನಲ್ಲಿ ಸಿಗುತ್ತಾರೆಯೇ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ.

ನಿಜ ಹೇಳಬೇಕೆಂದರೆ, ಎಂ.ಬಿ.ಬಿ.ಎಸ್. ಮುಗಿಸಿದವರು ದುಡ್ಡಿಗಿಂತ ಹೆಚ್ಚು ಬಯಸುವ ಒಂದು ನಾಣ್ಯವಿದೆ. ಅದು ಸ್ನಾತಕೋತ್ತರ ಸೀಟು. ಇದನ್ನು ಅರಿತೇ 2009ರ ಹೊತ್ತಿಗೆ ಭಾರತೀಯ ವೈದ್ಯಕೀಯ ಮಂಡಳಿ, ದುರ್ಗಮ ಪ್ರದೇಶದ ಸರಕಾರಿ ಸೇವೆಗೆ ವರ್ಷಕ್ಕೆ ಶೇಕಡಾ 10ರಂತೆ, ಗರಿಷ್ಠ 30ರವರೆಗೆ ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚುವರಿ ಅಂಕ ಕೊಡಬಹುದೆಂದಿತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಸೇವೆಯಲ್ಲಿರುವ ವೈದ್ಯರಿಗೆ ಸ್ನಾತಕೋತ್ತರ ಸೀಟು ಮೀಸಲಿಡುವ ಅಧಿಕಾರ ರಾಜ್ಯಗಳಿಗಿದೆ ಎಂದು ತೀರ್ಪಿತ್ತಿತು. ಸರಕಾರಿ ನೌಕರಿ ಸೇರಿ, ಹಳ್ಳಿಯಲ್ಲಿ ಕೆಲ ವರ್ಷ ಕಳೆದು, ಸೇವಾನಿರತರ ಕೋಟಾದಲ್ಲಿ ಎಂ.ಡಿ. ಮಾಡುವ ದಾರಿ ಕರ್ನಾಟಕದಲ್ಲೂ ಇದೆ. ಸಾಲ ಮಾಡಿ ಓದಿದವರಿಗೆ ಇದು ಕಡೆಗಣಿಸುವ ದಾರಿಯಲ್ಲ. ಸಂಬಳ ಬರುತ್ತಿರುತ್ತದೆ, ಕಂತು ಸಾಗುತ್ತಿರುತ್ತದೆ, ಮುಂದಿನ ಓದಿನ ಬಾಗಿಲೂ ಮುಚ್ಚುವುದಿಲ್ಲ.

ಆದರ್ಶದ ಉದಾಹರಣೆ ಬೇಕೆಂದರೆ ಕರ್ನಾಟಕದಲ್ಲಿ ಅದಕ್ಕೂ ಬರವಿಲ್ಲ. ಬೆಂಗಳೂರಿನಲ್ಲಿ ಓದಿದ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಸೋಲಿಗರ ನಡುವೆ ನೆಲೆಸಿದರು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದರು. 1996ರಲ್ಲಿ ಅವರ ಕರುಣಾ ಟ್ರಸ್ಟ್ ಗುಂಬಳ್ಳಿಯ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ನಡೆಸಲು ವಹಿಸಿಕೊಂಡಿತು. ಅಂಥವರು ಹತ್ತು ಜನ ಸಿಕ್ಕರೂ ಅದೃಷ್ಟ. ಆದರೆ ಒಂದು ರಾಜ್ಯದ ಆರೋಗ್ಯ ಕೇಂದ್ರಗಳನ್ನೆಲ್ಲ ಸುದರ್ಶನರಂಥವರ ಮೇಲೆ ನಡೆಸಲಾಗದು. ಸಾಮಾನ್ಯ ಮನಸ್ಸಿನ, ಸಾಲದ ಹೊರೆಯ, ಒಳ್ಳೆಯ ಡಾಕ್ಟರುಗಳ ಮೇಲೆಯೇ ನಡೆಸಬೇಕು.

ಸಹಿ ಹಾಕುವ ಮುನ್ನ

ಸಾಲ ಮನ್ನಾ ಯೋಜನೆ ಎಂದಾದರೂ ಬರಲಿ, ಈಗ ಸೀಟು ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತುವ ಪಾಲಕರು ಅದನ್ನು ನೆಚ್ಚುವಂತಿಲ್ಲ. ಇರುವುದನ್ನು ಬಿಡಬಾರದಷ್ಟೆ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ, ಮಿತಿಯೊಳಗಿನ ಸಾಲಕ್ಕೆ ಬಿಡುವಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರವೇ ಭರಿಸುವ ಯೋಜನೆ 2009ರಲ್ಲಿ ಶುರುವಾಯಿತು. ಮೇಲಿನ ಲೆಕ್ಕದಲ್ಲಿ ಬೆಳೆದು ನಿಂತ ಬಡ್ಡಿಯನ್ನು ನೆನೆಯಿರಿ. ತಹಶೀಲ್ದಾರರ ಕಚೇರಿಯ ಆದಾಯ ಪ್ರಮಾಣಪತ್ರ ಒಂದಕ್ಕೆ ಎಷ್ಟು ಬೆಲೆ ಎಂಬುದು ತಿಳಿಯುತ್ತದೆ. ಸಾಲ ಮಂಜೂರಾಗುವಾಗಲೇ ಇದನ್ನು ಕೇಳಬೇಕು, ವರ್ಷಗಳ ಮೇಲೆ ಕೇಳಿದರೆ ಮ್ಯಾನೇಜರು ಕೈಚೆಲ್ಲುತ್ತಾರೆ. 2024ರ ನವೆಂಬರಿನಲ್ಲಿ ಬಂದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉತ್ತಮ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಆಸ್ತಿ ಅಡವಿಲ್ಲದೆ ಸಾಲ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇಕಡಾ 3ರ ಬಡ್ಡಿ ರಿಯಾಯಿತಿ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದಲ್ಲೂ, ಅಲ್ಪಸಂಖ್ಯಾತರಿಗೆ ಅವರ ಅಭಿವೃದ್ಧಿ ನಿಗಮದಲ್ಲೂ 'ಅರಿವು' ಎಂಬ ಸಾಲವಿದೆ. ಅದರ ದರ ಶೇಕಡಾ 2 ಮಾತ್ರ. ಬ್ಯಾಂಕಿಗಿಂತ ಮೊದಲು ಅಲ್ಲಿ ಅರ್ಜಿ ಹಾಕುವುದು ಜಾಣತನ.

ಕಡ್ಡಾಯ ಸೇವೆಯ ವರ್ಷದಲ್ಲಿ ಸರಕಾರ ಸಂಬಳ ಕೊಡುತ್ತದೆ. ಕಂತು ಶುರುವಾಗಿಲ್ಲ ಎಂದು ಸುಮ್ಮನಿರದೆ ಆ ಸಂಬಳದಲ್ಲಿ ಬಡ್ಡಿಯನ್ನಾದರೂ ಕಟ್ಟುತ್ತ ಹೋದರೆ ಮುಂದಿನ ಹೊರೆ ಎಷ್ಟೋ ಇಳಿಯುತ್ತದೆ. ಮಗಳು ಎಂ.ಡಿ.ಗೆ ಸೇರಿದರೆ ಕಂತನ್ನು ಮುಂದೂಡಲು ಸಾಧ್ಯವೇ ಎಂಬುದನ್ನು ಬ್ಯಾಂಕಿನಿಂದ ಬಾಯಿಮಾತಿನಲ್ಲಿ ಕೇಳಬೇಡಿ, ಬರವಣಿಗೆಯಲ್ಲಿ ಪಡೆಯಿರಿ. ಮತ್ತೆ, ಬಾಂಡ್ ಕಾಗದ ಇಂಗ್ಲಿಷಿನಲ್ಲಿದೆ ಎಂದು ಓದದೆ ಸಹಿ ಹಾಕುವ ಪಾಲಕರು ಈಗಲೂ ಬಹಳ. ಎಷ್ಟು ವರ್ಷ, ಎಲ್ಲಿ, ಬಿಟ್ಟರೆ ಎಷ್ಟು ದಂಡ, ಹುದ್ದೆಯೇ ಕೊಡದಿದ್ದರೆ ಏನು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಅದರಲ್ಲಿ ಸಿಗಬೇಕು. ನಾಲ್ಕನೆಯದಕ್ಕೆ ಉತ್ತರ ಸಿಗದೆಯೇ ಹರಿಯಾಣದ ಮಕ್ಕಳು ಬೀದಿಗೆ ಬಂದದ್ದು.

ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರೆಯಾಯಿತು. ತನ್ನದೇ ಸರಕಾರಿ ಮೆಡಿಕಲ್ ಕಾಲೇಜಿಗೆ ಅದು ಕಾಲು ಶತಮಾನ ಕಾಯಬೇಕಾಯಿತು. ಹಾವೇರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ 2022-23ರಲ್ಲಿ 150 ಸೀಟುಗಳೊಂದಿಗೆ ಮೊದಲ ತಂಡ ಒಳಬಂತು. ಹೊಸ ನಿಯಮದಂತೆ ಈ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯದ ದಾಖಲೆ ಇಡಬೇಕು. ಐದೂವರೆ ವರ್ಷದ ಲೆಕ್ಕ ಹಾಕಿದರೆ ಮೊದಲ ತಂಡ ಹೊರಬರುವುದು 2028ರಲ್ಲಿ. ಅವರಲ್ಲಿ ಸಾಲ ಮಾಡಿ ಓದಿದವರಿಗೆ ಬ್ಯಾಂಕಿನ ಮೊದಲ ಕಂತು 2029ರಲ್ಲಿ ಬರುತ್ತದೆ.

ಆ ಕಂತು ಯಾರು ಕಟ್ಟಬೇಕು ಎಂಬುದನ್ನು ತೀರ್ಮಾನಿಸಲು ಸರಕಾರಕ್ಕೆ ಇನ್ನೂ ಸ್ವಲ್ಪ ಕಾಲ ಉಳಿದಿದೆ.